ಅಂಚು ದಾಟದ ಲಗ್ನಪತ್ರಿಕೆ

ನಮ್ಮ ಮಾಮಾನಿಗೆ ಒಂದು ಸಾಲು ಕನ್ನಡ ಬರೆಯಬೇಕೆಂದರೆ ಅರ್ಧ ದಿನ ಬೇಕು. ಹಾಗೆಂದು ಅವರಿಗೆ ಓದು ಬರಹ ಬಾರದೆಂದು ತಿಳಿದೀರಿ! ಕೈಗೆ ಪೆನ್ನು ಕೊಟ್ಟರೆ ಗೆರೆಯಿಲ್ಲದ ಹಾಳೆಯ ಮೇಲೂ ಮುತ್ತು ಪೋಣಿಸಿದ ಹಾಗೆ ಬರೆಯುವವರು. ಆದರೆ ಈಗ ಪೆನ್ನು ಮುಟ್ಟುವುದಿಲ್ಲ. ಏನೇ ಬರೆದರೂ ಲ್ಯಾಪ್‌ಟಾಪಿನಲ್ಲಿ, ಅದೂ ಲೇಟೆಕ್ ಎಂಬ ವಿದ್ಯೆಯ ಮೇಲೆ ನಡೆಯುವ ಒಂದು ಎಡಿಟರಿನಲ್ಲೇ ಬರೆಯಬೇಕು. ಮಾಮಿ ಒಂದು ದಿನ ಕಿರಾಣಿ ತರಲು ಹೇಳಿದರೆ ಇವರು ಚೀಟಿಯನ್ನು ಅದರಲ್ಲೇ ಮುದ್ರಿಸಿ ಒಯ್ದರು. ಮೇಲೆ ದಪ್ಪ ಅಕ್ಷರದಲ್ಲಿ ‘ಅಧ್ಯಾಯ ೧: ಬ್ಯಾಳಿಗಳು’, ಅದರ ಕೆಳಗೆ ‘೧.೧ ತೊಗರಿ’, ‘೧.೨ ಹೆಸರು’. ಅಂಗಡಿಯವನು ಯಾವುದೋ ಸರಕಾರಿ ನೋಟೀಸು ಬಂತೆಂದು ತಕ್ಕಡಿ ಬಿಟ್ಟು ಎದ್ದು ನಿಂತನಂತೆ!

ಮಾಮಾ ಅಂದರೆ ನನ್ನ ಅವ್ವನ ತಮ್ಮ. ಸರ್ವೆಯರ್ ಆಗಿ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರ ಕಡೆಯ ಹೊಲಗಳ ಮೇಲೆಲ್ಲ ಸರಪಳಿ ಎಳೆದು, ಈಗ ನಿವೃತ್ತರಾಗಿ ಸವಣೂರಿನಲ್ಲಿ ನಮ್ಮ ಓಣಿಯಲ್ಲೇ ಇದ್ದಾರೆ. ಅವರು ನಿವೃತ್ತರಾದರು, ಅಳೆಯುವ ಚಟ ಆಗಲಿಲ್ಲ. ಜೇಬಿನಲ್ಲಿ ಸದಾ ಒಂದು ಸ್ಟೀಲಿನ ಸ್ಕೇಲು. ಮಾಮಿ ರೊಟ್ಟಿ ಬಡಿದರೆ ಅದರ ಅಡ್ಡಗಲ ಅಳೆಯುತ್ತಾರೆ.

“ಒಂದ ಕಡೆ ಹೆಚ್ಚಿಗಿ ಹೋಗೈತಿ ನೋಡ.”

“ಹೆಚ್ಚಿಗಿ ಹೋದದ್ದನ್ನ ಮೊದಲ ಹರಕೊಂಡು ತಿನ್ರಿ, ತಾನ ಸರಿ ಆಗ್ತೈತಿ.”

ಇಂಥವರು ಎಲ್ಲರೂ ಬಳಸುವ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಬದುಕಿಯಾರೇ? ಒಮ್ಮೆ ಅದರಲ್ಲಿ ಒಂದು ಚಿತ್ರ ಸೇರಿಸಿದರು. ಚಿತ್ರ ಕೂತಿತು, ಬರೆದದ್ದೆಲ್ಲ ಮುಂದಿನ ಪುಟಕ್ಕೆ ಓಡಿಹೋಯಿತು. ಮಾಮಾ ಕೆಂಡವಾದರು. “ಕಲ್ಲು ಹುಗದ ಮ್ಯಾಲೆ ಹೊಲ ಓಡಿಹೋಗಬಾರದವಾ. ಇವತ್ತ ಹಾಳಿ ಮ್ಯಾಲೆ ಸರದದ್ದು ನಾಳೆ ಎಲ್ಲಿಗೆ ಸರೀತೈತೋ!” ಆಗ ಅವರ ಗೆಳೆಯರೊಬ್ಬರು ಹೇಳಿದರಂತೆ, ಲೇಟೆಕ್ ಅಂತ ಒಂದಿದೆ, ಅದರಲ್ಲಿ ನೀವು ವಿಷಯ ಮಾತ್ರ ಬರೆಯಿರಿ, ಯಾವುದು ಎಲ್ಲಿ ಕೂಡಬೇಕೆಂಬುದನ್ನು ಅದೇ ನೋಡಿಕೊಳ್ಳುತ್ತದೆ, ಅಂಚು ಕೂದಲೆಳೆಯಷ್ಟೂ ಸರಿಯುವುದಿಲ್ಲ ಎಂದು. ಅಂದಿನಿಂದ ಹಿಡಿದ ಹುಚ್ಚು ಇದು. ಹುಚ್ಚು ಹಿಡಿದದ್ದು ಅವರಿಗೆ, ತಲೆ ಕೆಟ್ಟದ್ದು ನಮಗೆ.

ಹೋಗಲಿ, ಅವರ ಬ್ಯಾಳಿ ಅವರ ಅಧ್ಯಾಯ ಎಂದು ನಾನು ನಗುತ್ತ ಇದ್ದುಬಿಡುತ್ತಿದ್ದೆ. ಆದರೆ ಈ ವರ್ಷ ನನ್ನ ಮಗಳ ಲಗ್ನ ನಿಶ್ಚಯವಾಯಿತು. ಬೀಗರು ಶಿಗ್ಗಾಂವಿಯವರು. ಲಗ್ನಪತ್ರಿಕೆಯ ಮಾತು ಬಂದದ್ದೇ ತಡ, “ಪತ್ರಿಕೆ ನಂದು. ಯಾರೂ ಕೈ ಹಚ್ಚಬ್ಯಾಡ್ರಿ” ಎಂದು ಮಾಮಾ ಘೋಷಿಸಿಬಿಟ್ಟರು. ಸೋದರಮಾವ ಅಂದಮೇಲೆ ಇಲ್ಲ ಎನ್ನಲು ಬರುತ್ತದೆಯೇ?

ಆ ಪತ್ರಿಕೆಯಲ್ಲಿ ನನಗೊಂದು ಮುಳ್ಳಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಗಳು ಇನ್ನೂ ಕನ್ನಡ ಶಾಲೆಯಲ್ಲಿದ್ದಾಗಲೇ ನಮ್ಮ ಯಜಮಾನರು ಹೋದರು. ಆಮೇಲೆ ನಾನು ಇದೇ ಸವಣೂರಿನ ಸಾಲೆಯಲ್ಲಿ ಪಾಠ ಮಾಡಿ ಅವಳನ್ನು ಓದಿಸಿ, ನರ್ಸ್ ಮಾಡಿದೆ. ಲಗ್ನದ ಮಾತುಕತೆಗೆ ನಮ್ಮ ಭಾವನವರು, ಎಂದರೆ ಯಜಮಾನರ ಅಣ್ಣ, ಹಿರೇಕೆರೂರ ಕಡೆಯಿಂದ ಬಂದವರು ಮೆಲ್ಲಗೆ ಅಂದರು: “ನೋಡವಾ, ನಮ್ಮ ಮನಿತನದಾಗ ಪತ್ರಿಕಾದ ಮ್ಯಾಲೆ ಜೋಡಿ ಹೆಸರು ಇರಬೇಕು. ಕರಿಯವರು ಅಂತ ನನ್ನ ಹೆಸರು, ನಿಮ್ಮಕ್ಕನ ಹೆಸರು ಬರಲಿ. ನಿನ್ನ ಹೆಸರು ಕೆಳಗ ಎಲ್ಲ್ಯರ ಹಾಕೋಣಂತ. ಶುಭಕಾರ್ಯ ನೋಡು.” ಅವರು ಕೆಟ್ಟವರಲ್ಲ. ಹಿರಿಯರು ಮಾಡಿದ್ದನ್ನು ಬಿಡಲು ಅಂಜುವವರು, ಅಷ್ಟೇ. ಆದರೂ ನೋಡಿ! ಹೆತ್ತು ಬೆಳೆಸಿದವಳು ನಾನು, ಮಗಳ ಲಗ್ನಕ್ಕೆ ಬರ್ರಿ ಎಂದು ಕರೆಯುವುದಕ್ಕೆ ನನ್ನ ಹೆಸರು ಶುಭವಲ್ಲವಂತೆ! ಬಾಯಿ ಮಾತ್ರ “ಆಗಲ್ರಿ ಭಾವಾರ” ಎಂದಿತು. ಮಾಮಾ ಅಲ್ಲೇ ಮೂಲೆಯಲ್ಲಿ ಕೂತಿದ್ದರು. ಒಂದು ಮಾತಾದರೂ ಆಡಬಾರದೇ? ಇಲ್ಲ. ಲ್ಯಾಪ್‌ಟಾಪಿನಲ್ಲಿ ಮೂಗು ತೂರಿಸಿ, “ಅಲ್ಲಾ, ಈ ಕನ್ನಡ ಎಲ್ಲಿ ಹೋತು?” ಎಂದು ಗೊಣಗುತ್ತಿದ್ದರು. ನನಗೆ ಅವರ ಮೇಲೂ ಸಿಟ್ಟು ಬಂತು.

ಪತ್ರಿಕೆಗೆಂದು ಎಡಿಟರನ್ನು ಹೊಸದಾಗಿ ಹಾಕಿಕೊಂಡ ಮೇಲೆ, ಕಿರಾಣಿ ಚೀಟಿಯಲ್ಲಿ ಬಂದಿದ್ದ ಕನ್ನಡ ನಿಜವಾಗಿಯೂ ಕಾಣೆಯಾಗಿತ್ತು. ತೆರೆಯ ಮೇಲೆ ಪತ್ರಿಕೆ ಚೆಂದಾಗಿ ಕಾಣುತ್ತಿತ್ತು. ಮುದ್ರಿಸಿದರೆ ಬೋಳು ಹಾಳೆ. ಮತ್ತೊಮ್ಮೆ ಮಾಡಿದರೆ ಅಕ್ಷರಗಳ ಬದಲು ಖಾಲಿ ಚೌಕಗಳು. ಮಾಮಾ ಒಂದು ವಾರ ಊಟದ ರುಚಿ ಮರೆತು ಹುಡುಕಿದರು. ಕೊನೆಗೆ ಸೆಟ್ಟಿಂಗುಗಳ ಒಳಗೆ, ಫಾಂಟುಗಳ ಕೋಣೆಯಲ್ಲಿ ಒಂದು ಪುಟ್ಟ ಚೌಕ ಸಿಕ್ಕಿತು. ಅದಕ್ಕೆ ಟಿಕ್ ಹಾಕಿದರೆ ಎಡಿಟರು ನಮ್ಮ ಕಂಪ್ಯೂಟರಿನ ಕನ್ನಡ ಅಕ್ಷರ ಬಳಸುತ್ತದೆ, ಹಾಕದಿದ್ದರೆ ತನ್ನ ಹಳೆಯ ಪೆಟ್ಟಿಗೆಯದನ್ನೇ ಬಳಸುತ್ತದೆ, ಆ ಪೆಟ್ಟಿಗೆಯಲ್ಲಿ ಕನ್ನಡವೇ ಇಲ್ಲ! ಟಿಕ್ ಹಾಕಿದರು. ಕನ್ನಡ ಬಂತು. ಆದರೆ ಒತ್ತಕ್ಷರಗಳೆಲ್ಲ ಜಗಳವಾಡಿದವರಂತೆ ಬೇರೆ ಬೇರೆ ನಿಂತಿದ್ದವು. ಇದು ಕನ್ನಡ ಲಿಪಿ ಎಂದು ಅದಕ್ಕೆ ಪ್ರತ್ಯೇಕವಾಗಿ ಬರೆದು ತಿಳಿಸಬೇಕಂತೆ.

“ಕನ್ನಡ ನೋಡಿ ಇದು ಕನ್ನಡ ಅಂತ ತಿಳೀದದ್ದರ ಮುಂದ ಎಷ್ಟ ದಿನ ಅಂತ ಕುಂದ್ರತೀರಿ?” ಎಂದರು ಮಾಮಿ.

“ನಿನ್ನ ಸಂಗತೀನೂ ಇಷ್ಟು ವರ್ಷ ಕುಂತಿಲ್ಲೇನ?” ಎಂದರು ಮಾಮಾ. ಅಂದು ಅವರಿಗೆ ಮಧ್ಯಾಹ್ನದ ಚಹಾ ಸಿಗಲಿಲ್ಲ.

ಒತ್ತಕ್ಷರಗಳು ರಾಜಿಯಾದ ದಿನ ಮಾಮಾ ಓಣಿಗೆಲ್ಲ ಖಾರ, ಎಂದರೆ ನಮ್ಮೂರ ಹೆಸರಾದ ಕುರುಕಲು ತಿಂಡಿ, ಹಂಚಿದರು. ಸವಣೂರಿನಲ್ಲಿ ಸಂತೋಷವಾದರೂ ಖಾರವೇ, ನೆಂಟರು ಬಂದರೂ ಖಾರವೇ. ತಿಂದವರು “ಏನ್ ವಿಶೇಷಾರಿ?” ಎಂದು ಕೇಳಿದರೆ, “ಒತ್ತು ಕೂತವು!” ಎನ್ನುತ್ತಿದ್ದರು. ಯಾರಿಗೂ ಏನೂ ತಿಳಿಯಲಿಲ್ಲ. ಪಕ್ಕದ ಮನೆಯ ಅಜ್ಜಿ ಮಾತ್ರ ಮಾಮಾನ ಮೊಣಕಾಲು ನೋವು ಕಡಿಮೆಯಾಯಿತೆಂದು ತಿಳಿದು ದೇವರಿಗೆ ಕೈ ಮುಗಿದಳು.

ಆ ಅಜ್ಜಿಯದೇ ಇನ್ನೊಂದು ಪ್ರಸಂಗ. ಕೈ ಪಳಗಲೆಂದು ಮಾಮಾ ಮೊದಲು ಅವಳ ಮೊಮ್ಮಗನ ತೊಟ್ಟಿಲ ಕಾರ್ಯದ ಕರೆಯೋಲೆ ಮಾಡಲು ಒಪ್ಪಿಕೊಂಡಿದ್ದರು. ಲೇಟೆಕ್ಕಿನ ಒಂದು ಗುಣವೆಂದರೆ ಯಾವುದಾದರೂ ಸಾಲು ಅಂಚು ದಾಟಿದರೆ ಕೂಡಲೇ ಚಾಡಿ ಹೇಳುತ್ತದೆ. ಸರ್ವೆಯರಿಗೆ ಇನ್ನೇನು ಬೇಕು! “ಒತ್ತುವರಿ! ಒತ್ತುವರಿ!” ಎಂದು ಕುಣಿದಾಡಿಬಿಟ್ಟರು. ಅಂಚು ದಾಟಿದ್ದು ಕೂಸಿನ ಹೆಸರು. ಮನೆದೇವರ ಹೆಸರು, ಅಜ್ಜನ ಹೆಸರು ಎರಡೂ ಸೇರಿಸಿ ಇಟ್ಟಿದ್ದರು ಪಾಪ. ಮಾಮಾ ನೆಟ್ಟಗೆ ಅವರ ಮನೆಗೆ ಹೋದರು.

“ನಿಮ್ಮ ಮೊಮ್ಮಗ ಅಂಚು ದಾಟಾಕತ್ತಾನ್ರಿ. ಹೆಸರಿನಾಗ ಎರಡು ಅಕ್ಷರ ಕಡಿಮಿ ಮಾಡ್ರಿ.”

ಅಜ್ಜಿ ಬಾಯಿಯ ಎಲೆಯಡಿಕೆ ಉಗುಳಿ ಎದ್ದಳು. “ನಿಮ್ಮ ಮಷಿನ್ ಸಲುವಾಗಿ ನಮ್ಮ ದೇವರನ್ನ ಕತ್ತರಸ್ಲೇನ್ರಿ? ಹಾಳಿ ದೊಡ್ಡದ ಹಚ್ಚರಿ!”

ಹಾಳೆ ದೊಡ್ಡದು ಹಾಕಬಹುದೆಂಬುದು ಮಾಮಾನಿಗೆ ಹೊಳೆದಿರಲೇ ಇಲ್ಲ. ಹೊಲ ಸಾಲದಾದರೆ ಊರನ್ನು ಹಿಗ್ಗಿಸುವ ಪದ್ಧತಿ ಅವರ ಇಲಾಖೆಯಲ್ಲಿಲ್ಲವಲ್ಲ!

ಚಾಡಿ ಅಷ್ಟಕ್ಕೇ ಮುಗಿಯುವುದಿಲ್ಲ. ಸಾಲಿನಲ್ಲಿ ಶಬ್ದಗಳು ಕಡಿಮೆಯಾಗಿ ನಡುವೆ ಬಯಲು ಬಿದ್ದರೆ ಅದಕ್ಕೂ ಒಂದು ತಕರಾರು. ‘ಬ್ಯಾಡ್‌ನೆಸ್ ೧೦೦೦೦’ ಎಂದು ಇಂಗ್ಲೀಷಿನಲ್ಲಿ ಬರೆದು ತೋರಿಸುತ್ತದೆ. ಮಾಮಾ ಒಮ್ಮೆ ಅದನ್ನು ಗಟ್ಟಿಯಾಗಿ ಓದಿ ಅರ್ಥ ಹೇಳಿದರು: “ಕೆಟ್ಟತನ ಹತ್ತು ಸಾವಿರ.” ಮಾಮಿ ಕೊತ್ತಂಬರಿ ಸೋಸುತ್ತಿದ್ದವರು ತಲೆ ಎತ್ತಿದರು. “ಅದರದೋ, ನಿಮ್ಮದೋ?”

ಇನ್ನು ಲಗ್ನಪತ್ರಿಕೆ. ಅದಕ್ಕೆಂದೇ ಮಾಮಾ ಎಡಿಟರಿನಲ್ಲಿ ತಮ್ಮದೇ ಒಂದು ಮಾದರಿ ಕಟ್ಟಲು ಕೂತರು. ಬೇರೆಯವರ ಮಾದರಿಗಳಲ್ಲಿ ‘ಲೇಖಕ’, ‘ಸಾರಾಂಶ’, ‘ಅಡಿಟಿಪ್ಪಣಿ’ ಎಂದೆಲ್ಲ ಇರುತ್ತದಂತೆ. ಇವರ ಮಾದರಿಯಲ್ಲಿ ‘ದೇವರು’, ‘ವಧು’, ‘ವರ’, ‘ಕರೆಯುವವರು’, ‘ಊಟ’, ಉಡುಗೊರೆ ತರಬೇಡಿ ಎನ್ನಲು ‘ಆಯೇರಿ ಬೇಡ’. ಯಾವ ಸಾಲು ಯಾವುದೆಂದು ಹೇಳಿದರೆ ಸಾಕು, ಅದರ ಗಾತ್ರ, ಜಾಗ, ಬಣ್ಣ ತಾನೇ ಬಂದುಬಿಡಬೇಕು. ಒಳ್ಳೆಯ ವಿಚಾರವೇ. ತೊಂದರೆ ಏನೆಂದರೆ ಈ ಮಾದರಿಯಲ್ಲಿ ಒಂದು ಚುಕ್ಕೆ ಬದಲಿಸಿದರೂ ‘ರೀಕಾನ್ಫಿಗರ್’ ಎಂಬುದನ್ನು ಒತ್ತಬೇಕು. ಆಮೇಲೆ ಎಡಿಟರನ್ನು ಮುಚ್ಚಿ ಮತ್ತೆ ತೆರೆಯಬೇಕು. ಮಾಮಾ ಸರಕಾರಿ ಮನುಷ್ಯರು, ಅರೆಬರೆ ಕೆಲಸ ಅವರಿಗೆ ಸೇರದು. ಎಡಿಟರು ಮುಚ್ಚಿ, ಲ್ಯಾಪ್‌ಟಾಪು ಬಂದ್ ಮಾಡಿ, ಯಾವುದಕ್ಕೂ ಇರಲಿ ಎಂದು ಹೊರಗೆ ಹೋಗಿ ಮನೆಯ ಮೇನ್ ಸ್ವಿಚ್ಚನ್ನೂ ಇಳಿಸಿ ಬರುತ್ತಿದ್ದರು! ಒಳಗೆ ಮಾಮಿಯ ಮಿಕ್ಸರಿನಲ್ಲಿ ಚಟ್ನಿ ಅರ್ಧಕ್ಕೇ ನಿಲ್ಲುತ್ತಿತ್ತು. ಆ ತಿಂಗಳು ಅವರ ಮನೆಯಲ್ಲಿ ನಾನು ತಿಂದ ಶೇಂಗಾ ಚಟ್ನಿಯಲ್ಲೆಲ್ಲ ಇಡೀ ಇಡೀ ಶೇಂಗಾ ಸಿಗುತ್ತಿದ್ದವು.

ನಾನು ದಿನಾ ಸಂಜೆ ಸಾಲೆ ಬಿಟ್ಟಮೇಲೆ ಹೋಗಿ ನೋಡುತ್ತಿದ್ದೆ. ನೋಡಿದಷ್ಟೂ ಗೊಂದಲ. ಮಾಮಾ ತಾಳ್ಮೆಯಿಂದ ವಿವರಿಸುತ್ತಿದ್ದರು, ನಾನು ತಾಳ್ಮೆಯಿಂದ ತಲೆಯಾಡಿಸುತ್ತಿದ್ದೆ. ಇಷ್ಟು ದಿನದಲ್ಲಿ ನನಗೆ ತಿಳಿದದ್ದು ಒಂದೇ. ಮೇಲೆ ಕಣ್ಣಿನ ಚಿತ್ರವಿರುವ ಒಂದು ಗುಂಡಿಯಿದೆ. ಅದನ್ನು ಒತ್ತಿದಾಗ ತಪ್ಪುಗಳ ಪೆಟ್ಟಿಗೆ ತೆರೆದರೆ ಎರರ್. ಪೆಟ್ಟಿಗೆ ತೆರೆಯದೆ ಸುಮ್ಮನೆ ಪತ್ರಿಕೆ ಬಂದರೆ ಎಲ್ಲ ಸರಿ. ನನ್ನ ಲೇಟೆಕ್ ಪಾಂಡಿತ್ಯ ಇಲ್ಲಿಗೆ ಮುಗಿಯಿತು.

ಮೊದಲ ಸಲ ಪೆಟ್ಟಿಗೆ ತೆರೆಯದೆ ಪತ್ರಿಕೆ ಬಂದ ದಿನ ಮಗಳೂ ಇದ್ದಳು. ಮೇಲುಗಡೆ ಆಶೀರ್ವಾದಕ್ಕೆಂದು ನಮ್ಮ ತೀರಿಹೋದ ಮಾವನವರ, ಎಂದರೆ ಯಜಮಾನರ ತಂದೆಯ, ಫೋಟೋ ಹಾಕಿಸಬೇಕೆಂದು ಭಾವನವರು ಕೊಟ್ಟಿದ್ದರು. ಈ ಎಡಿಟರಿನಲ್ಲಿ ಫೋಟೋಗಳು ಹೇಳಿದ ಜಾಗದಲ್ಲಿ ನಿಲ್ಲುವುದಿಲ್ಲವಂತೆ, ತೇಲಿಕೊಂಡು ಹೋಗಿ ತಮಗೆ ಒಳ್ಳೆಯದೆನಿಸಿದ ಕಡೆ ಕೂಡುತ್ತವಂತೆ. ಮಾವನವರು ತೇಲಿ ತೇಲಿ ಬಂದು ‘ಚಿರಂಜೀವಿ ವರ’ ಎಂಬುದರ ಸರೀ ಕೆಳಗೆ, ಪೇಟ ಸುತ್ತಿಕೊಂಡು, ಮೀಸೆ ತಿರುವಿಕೊಂಡು ಕೂತಿದ್ದರು!

ಮಗಳು ಬಹಳ ಹೊತ್ತು ನೋಡಿದಳು. “ಅಜ್ಜಾ, ನಾ ಯಾರನ್ನ ಲಗ್ನ ಆಗಾಕತ್ತೇನಿ?”

ಮಾಮಾ ನಗಲಿಲ್ಲ. ಸ್ಕೇಲು ತೆಗೆದು ಫೋಟೋ ಎಷ್ಟು ಸರಿದಿದೆ ಎಂದು ತೆರೆಯ ಮೇಲೇ ಅಳೆದರು. ಆಮೇಲೆ ಎರಡು ದಿನ ಒದ್ದಾಡಿ ಮಾವನವರನ್ನು ಮೇಲೆ ಕೂಡಿಸಿ, ಅಲುಗದಂತೆ ಕಟ್ಟಿಹಾಕಿದರು. ಬದುಕಿದ್ದಾಗ ಯಾರ ಮಾತೂ ಕೇಳದವರು ಲೇಟೆಕ್ಕಿನ ಮಾತು ಮೊದಲೇ ಕೇಳುತ್ತಾರೆಯೇ?

ಅಂತೂ ಪತ್ರಿಕೆ ತಯಾರಾಯಿತು. ಮರುದಿನವೇ ಪ್ರೆಸ್ಸಿಗೆ ಕೊಡಬೇಕು. ಲಗ್ನದ ಹಂಗಾಮು, ಬೇರೆ ಪ್ರೆಸ್ಸಿನವರೆಲ್ಲ ಆಗುವುದಿಲ್ಲವೆಂದು ಕೈ ಆಡಿಸಿಬಿಟ್ಟಿದ್ದರು. ಸೋಮವಾರ ಮನೆದೇವರ ಮುಂದೆ ಮೊದಲ ಪತ್ರಿಕೆ ಇಟ್ಟು, ಅರಿಷಿಣ ಹಚ್ಚಿ, ಭಾವನವರು ಕರೆಯಲು ಹೊರಡಬೇಕು. ಅದಕ್ಕೇ ಒಮ್ಮೆ ಕಣ್ಣಾಡಿಸಿ ಹೋಗೋಣವೆಂದು ಅವರು ತಮ್ಮ ಹೆಂಡತಿಯನ್ನು, ಎಂದರೆ ನಾನು ಅಕ್ಕ ಎನ್ನುವ ನೆಗೆಣ್ಣಿಯನ್ನು, ಕರೆದುಕೊಂಡು ಮಾಮಾನ ಮನೆಗೆ ಬಂದರು. ನಾನು ಚಹಾ ತಂದಿಟ್ಟು ತೆರೆಯ ಕಡೆ ನೋಡಿದೆ. ‘ಕರೆಯುವವರು’ ಎಂಬ ಜಾಗದಲ್ಲಿ, ಎಲ್ಲರಿಗಿಂತ ಮೇಲೆ, ನನ್ನ ಹೆಸರು. ನನ್ನದೊಂದೇ. ಭಾವನವರ ಮತ್ತು ಅಕ್ಕನ ಹೆಸರು ಅದರ ಕೆಳಗೆ.

ಭಾವನವರು ಕನ್ನಡಕ ಸರಿಮಾಡಿಕೊಂಡರು. “ಸಾಹೇಬ್ರ, ಇದು ಮ್ಯಾಲ ಕೆಳಗ ಆಗೈತಿ. ನಮ್ಮಿಬ್ಬರದು ಮ್ಯಾಲ ಬರಬೇಕ್ರಿ.”

“ಹೌದಲ್ಲ! ಆಗಲ್ರಿ, ಅದಕ್ಕೇನು,” ಎಂದು ಮಾಮಾ ತಟಕ್ಕನೆ ಹೆಸರು ಅದಲುಬದಲು ಮಾಡಿ, ಒಮ್ಮೆ ಕೆಮ್ಮಿ, ಕಣ್ಣಿನ ಗುಂಡಿ ಒತ್ತಿದರು. ತಪ್ಪುಗಳ ಪೆಟ್ಟಿಗೆ ಧಡಕ್ಕನೆ ತೆರೆಯಿತು.

“ಎರರ್,” ಎಂದರು ಮಾಮಾ ಬಹಳ ದುಃಖದಿಂದ.

“ಏನಂತೈತ್ರಿ?”

“ಅನ್‌ಡಿಫೈನ್ಡ್ ಕಂಟ್ರೋಲ್ ಸೀಕ್ವೆನ್ಸ್ ಅಂತೈತ್ರಿ.”

“ಹಂಗಂದ್ರ?”

“ಹಂಗಂದ್ರ… ಈ ಮನ್ಯಾಗ ಯಾರ ಮಾತು ನಡೀಬೇಕು ಅನ್ನೂದು ಇನ್ನ ಠರಾವ್ ಆಗಿಲ್ಲ ಅಂತ.”

ಭಾವನವರು ನೆಗೆಣ್ಣಿಯ ಮುಖ ನೋಡಿದರು. ನೆಗೆಣ್ಣಿ ನನ್ನ ಮುಖ ನೋಡಿದಳು. ನಾನು ಚಹಾದ ತಟ್ಟೆ ನೋಡಿದೆ.

“ಆಕಿ ಹೆಸರು ಒಮ್ಮೆ ತಗದು ನೋಡ್ರಿ,” ಎಂದರು ಭಾವನವರು. ಮಾಮಾ ತೆಗೆದರು, ಕೆಮ್ಮಿದರು, ಒತ್ತಿದರು. ಪೆಟ್ಟಿಗೆ ಮತ್ತೆ ತೆರೆಯಿತು. ಈ ಸಲ ಇನ್ನೂ ಉದ್ದ.

“ಏನೋ ಒಂದು ಇಲ್ಲ, ಅದಿಲ್ಲದ ಮುಂದ ಹೋಗಾಕ ಆಗೂದಿಲ್ಲ ಅನ್ನಾಕತ್ತೈತಿ. ಮತ್ತ ಇಲ್ಲಿ ನೋಡ್ರಿ, ನಿಮ್ಮ ಹೆಸರು ಮ್ಯಾಲ ಹೋದ ಕೂಡಲೆ ಬ್ಯಾಡ್‌ನೆಸ್ ಹತ್ತು ಸಾವಿರ ಆತು.”

“ಬ್ಯಾಡ್‌ನೆಸ್ಸಾ? ನನಗೇನ್ರಿ ಅಂದದ್ದು?” ಭಾವನವರು ಗಾಬರಿಯಾಗಿ ಕುರ್ಚಿ ಹಿಂದಕ್ಕೆ ಸರಿಸಿದರು.

“ಛೇ ಛೇ, ನಿಮಗಲ್ರಿ. ಸಾಲಿಗೆ.”

ಮಾಮಾ ಸೋಲಲಿಲ್ಲ. ರೀಕಾನ್ಫಿಗರ್ ಮಾಡಿದರು. ಮೇನ್ ಸ್ವಿಚ್ ಇಳಿಸಿ ಬಂದರು. ಫ್ಯಾನು ನಿಂತು ಭಾವನವರು ಬೆವರಿದರು, ಒಳಗೆ ಮಿಕ್ಸರು ನಿಂತು ಮಾಮಿ ಬೈದರು. ಮತ್ತೆ ಎಲ್ಲ ತೆರೆದು, ಕೆಮ್ಮಿ, ಒತ್ತಿದರೆ ಅದೇ ಪೆಟ್ಟಿಗೆ. ಕೊನೆಗೆ ನನ್ನ ಹೆಸರನ್ನು ಮೊದಲಿನ ಹಾಗೆ ಮೇಲೆ ಹಾಕಿ ಒತ್ತಿದರು. ಕೆಮ್ಮು ಬರಲಿಲ್ಲ, ಪೆಟ್ಟಿಗೆಯೂ ತೆರೆಯಲಿಲ್ಲ. ಪತ್ರಿಕೆ ನೀಟಾಗಿ ಬಂದು ನಿಂತಿತು.

“ನಿಮ್ಮ ಕಡೆ ಅಬಲೂರ ಗುಡಿ ಕಲ್ಲಿನ ಶಾಸನ ಇದ್ದಂಗರಿ ಇದು,” ಎಂದರು ಮಾಮಾ. “ಒಮ್ಮೆ ಕೂತದ್ದನ್ನ ಕಿತ್ತೇವಿ ಅಂದ್ರ ಒಡೀತೈತಿ. ಏನ ಮಾಡ್ಲಿ? ನಾಳೆ ಪ್ರೆಸ್ಸಿಗೆ ಬ್ಯಾರೆ ಕೊಡಬೇಕು.”

ಭಾವನವರು ಕನ್ನಡಕ ತೆಗೆದು ಬೆವರು ಒರೆಸಿಕೊಂಡರು. ಅವರಿಗೆ ಮಷಿನ್ನಿನ ಮೇಲೆ ಸಂಶಯವೋ, ಮಾಮಾನ ಮೇಲೋ, ತಮ್ಮ ಮೇಲೋ ತಿಳಿಯದ ಸ್ಥಿತಿ. ನೆಗೆಣ್ಣಿಯೇ ಬಾಯಿ ಬಿಟ್ಟಳು: “ಇರಲಿ ಬಿಡ್ರಿ. ಹಡದಾಕಿ ಹೆಸರು ಮ್ಯಾಲಿದ್ರ ಏನ ಆಕಾಶ ಹರಕೊಂಡು ಬೀಳ್ತೈತಿ? ಯಾರರ ಕೇಳಿದ್ರ ಮಷಿನ್ ಒಪ್ಪಲಿಲ್ಲ ಅಂತ ಹೇಳ್ರಿ.” ಭಾವನವರ ಮುಖ ಸಡಿಲವಾಯಿತು. “ಹೌದ ಹೌದ, ಮಷಿನ್ ಒಪ್ಪಲಿಲ್ಲ,” ಎಂದು ಎರಡು ಸಲ ಹೇಳಿ ನೋಡಿದರು. ಊರವರಿಗೆ ಹೇಳಲು ಅವರಿಗೂ ಒಂದು ಕಾರಣ ಬೇಕಿತ್ತು, ಅದು ಸಿಕ್ಕಿತು. ಚಹಾ ಕುಡಿದು, ಒಂದು ಪೊಟ್ಟಣ ಖಾರ ಕಟ್ಟಿಸಿಕೊಂಡು ಹೊರಟರು.

ಅವರನ್ನು ಬಸ್ ಸ್ಟ್ಯಾಂಡಿನ ತಿರುವಿನವರೆಗೆ ಕಳಿಸಿ ಬರಲು ಮಾಮಾ ಹೋದರು. ನಾನು ಲ್ಯಾಪ್‌ಟಾಪಿನ ಮುಂದೆ ಕೂತೆ. ಸಂತೋಷವಾಗಿತ್ತು, ಆದರೆ ಅದರೊಳಗೊಂದು ಕಸಿವಿಸಿ. ಮನುಷ್ಯರಾರೂ ಕೊಡದ ಜಾಗವನ್ನು ಮಷಿನ್ ತಪ್ಪಿ ಕೊಟ್ಟಿತು, ನನ್ನ ಪರವಾಗಿ ಮಾತಾಡಿದ್ದು ಒಂದು ಎರರ್ ಅಂದರೆ ಏನು ಬಾಳು ನನ್ನದು! ಆ ಎರರನ್ನು ನಾನೇ ಒಮ್ಮೆ ನೋಡಬೇಕೆನಿಸಿತು. ಭಾವನವರ ಮತ್ತು ಅಕ್ಕನ ಹೆಸರನ್ನು ಮೇಲೆ ತಂದೆ, ನನ್ನದನ್ನು ಕೆಳಗಿಳಿಸಿದೆ. ಕಣ್ಣಿನ ಗುಂಡಿ ಒತ್ತಿದೆ.

ಪೆಟ್ಟಿಗೆ ತೆರೆಯಲಿಲ್ಲ. ಪತ್ರಿಕೆ ಬಂತು. ಒಂದು ತಕರಾರಿಲ್ಲ, ಒಂದು ಒತ್ತುವರಿಯಿಲ್ಲ. ಭಾವನವರು ಹೇಳಿದಂತೆಯೇ, ಅವರ ಹೆಸರು ಮೇಲೆ, ನನ್ನದು ಕೆಳಗೆ. ನನ್ನ ತಪ್ಪಿರಬೇಕೆಂದು ಮತ್ತೊಮ್ಮೆ ಒತ್ತಿದೆ. ಮತ್ತೂ ಚೆಂದಾಗಿ ಬಂತು. ಆಗ ನನಗೆ ಆ ಕೆಮ್ಮು ನೆನಪಾಯಿತು. ಒತ್ತುವ ಮುನ್ನ ಪ್ರತಿ ಸಲ ಒಂದು ಕೆಮ್ಮು, ಅದರ ಮರೆಯಲ್ಲಿ ಕಿರುಬೆರಳು ಬೇಕೆಂದೇ ಒತ್ತಿದ ಒಂದು ಕಳ್ಳ ಅಕ್ಷರ. ಅಂದು ಮೂಲೆಯಲ್ಲಿ ಕೂತು ಕನ್ನಡ ಎಲ್ಲಿ ಹೋಯಿತೆಂದು ಗೊಣಗುತ್ತಿದ್ದವರು ಭಾವನವರ ಮಾತನ್ನೂ, ನನ್ನ “ಆಗಲ್ರಿ”ಯನ್ನೂ ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದರು.

“ಏನ ಬೇ, ಏನ ಮಾಡಾಕತ್ತಿ?” ಮಾಮಾ ಬಾಗಿಲಲ್ಲಿದ್ದರು.

“ಎರರ್ ಇಲ್ದ ಬಂತ್ರಿ ಮಾಮಾ.”

ಅವರು ತೆರೆ ನೋಡಿದರು, ನನ್ನನ್ನು ನೋಡಿದರು. “ಹೌದಾ? ಇದರ ತಲಿ ತಿಳಿಯೂದಿಲ್ಲವಾ,” ಎಂದು ಹೇಳಿ, ನನ್ನ ಹೆಸರನ್ನು ಮತ್ತೆ ಮೇಲೆ ತಂದು ಕೂಡಿಸಿದರು. ಜೇಬಿನಿಂದ ಸ್ಕೇಲು ತೆಗೆದು ತೆರೆಯ ಮೇಲಿಟ್ಟು, ಎಡಗಡೆ ಎಷ್ಟು, ಬಲಗಡೆ ಎಷ್ಟು ಎಂದು ಅಳೆದರು. “ಬರೋಬ್ಬರಿ ನಡುವ ಐತಿ. ಇದು ನಿನ್ನ ಜಾಗಾ. ಇಲ್ಲಿಂದ ಯಾರಪ್ಪನೂ ಸರಸಾಕ ಬರೂದಿಲ್ಲ.”

ನನಗೆ ಅಳು ತಡೆಯಲಾಗಲಿಲ್ಲ. ಯಜಮಾನರು ಹೋದಮೇಲೆ ಯಾರ ಮುಂದೆಯೂ ಹಾಗೆ ಅತ್ತಿರಲಿಲ್ಲ. ಮಾಮಾ ಗಡಿಬಿಡಿಯಿಂದ ಲ್ಯಾಪ್‌ಟಾಪನ್ನು ನನ್ನ ಮುಂದಿನಿಂದ ಸರಿಸಿದರು.

“ಅದರ ಮ್ಯಾಲ ಅಳಬ್ಯಾಡ ಬೇ. ನೀರು ಒಳಗ ಹೋದ್ರ ಮತ್ತ ಎಲ್ಲಾ ರೀಕಾನ್ಫಿಗರ್ ಮಾಡಬೇಕಾಗ್ತೈತಿ. ನಿಮ್ಮ ಮಾಮಿ ಚಟ್ನಿ ಇನ್ನ ಆಗಿಲ್ಲ.”